ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಜಾಗ ಎಲ್ಲಿದೆ ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ಯಾವ ಸಿನಿಮಾ ಯಾವ ಆಪ್‌ನಲ್ಲಿ ಬಂತು, ಯಾವ ವೆಬ್ ಸೀರೀಸ್ ನೋಡ್ಬೇಕು ಅಂತ ಪೇಪರಲ್ಲಿ ವಾರ ವಾರ ಬರ್ತಾನೇ ಇರುತ್ತೆ, ನಾನೂ ಓದ್ತೀನಿ, ಅದಕ್ಕೇನೂ ಬೇಜಾರಿಲ್ಲ. ಆದ್ರೆ ತಿಂಗಳ ರೀಚಾರ್ಜಿನ ಗೋಜೇ ಬೇಡ ಅಂತ ದೂರದರ್ಶನದ ಪುಕ್ಕಟೆ ಡಿಶ್ ಸೇವೆ, ಡಿಡಿ ಫ್ರೀ ಡಿಶ್ ಹಾಕ್ಕೊಂಡು ಟಿವಿ ನೋಡೋ ಮನೆಗಳ ಬಗ್ಗೆ ಒಂದು ಸಾಲು ಬಂದಿದ್ದು ನನಗಂತೂ ನೆನಪಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋದಿದ್ರೆ ಹಾಕಿ, ಹರಾಜಿನ ವಿಷ್ಯ ಬರೆದಿರೋ ಕಡೆ ಮಾತ್ರ ಹಾಕ್ಬೇಡಿ.

ನಮ್ಮ ಮಲೆನಾಡ ಕಡೆ ಕೇಬಲ್ ಅನ್ನೋದು ಪೇಟೆ ದಾಟಿ ಸ್ವಲ್ಪ ದೂರಕ್ಕೇ ನಿಂತೋಗುತ್ತೆ. ಮನೆಗಳು ಸಾಲಾಗಿ ಇಲ್ಲ, ತೋಟದ ತಲೆಗೊಂದು ಮನೆ, ಗುಡ್ಡದ ಬುಡಕ್ಕೊಂದು ಮನೆ, ನಡುವೆ ಗದ್ದೆ. ಅಷ್ಟು ದೂರ ವೈರ್ ಎಳೆದು ನಾಲ್ಕು ಮನೆಗೆ ಕನೆಕ್ಷನ್ ಕೊಡೋಕೆ ಯಾವ ಕೇಬಲ್‌ನೋರಿಗೂ ಗಿಟ್ಟಲ್ಲ, ಯಾರೋ ಪುಣ್ಯಾತ್ಮ ಎಳೆದ್ರೂ ಜೂನ್ ತಿಂಗಳ ಗಾಳಿಗೆ ಮರ ಬಿದ್ದು ಹರಿದೋಗುತ್ತೆ, ಆಮೇಲೆ ಫೋನ್ ಎತ್ತಲ್ಲ. ಉಳಿಯೋದು ಡಿಶ್ಶೇ. ದುಡ್ಡು ಕಟ್ಟೋ ಡಿಶ್ ಹಾಕ್ಸಿದ್ರೆ ಕನ್ನಡ ಪ್ಯಾಕು, ಅದ್ರ ಮೇಲೆ ಅದು ಇದು ಅಂತ ಸೇರಿ ತಿಂಗಳಿಗೆ ಮುನ್ನೂರರ ಆಸುಪಾಸು ಬೇಕು. ಕೊನೆ ಕೊಯ್ಲು ಮುಗಿದು ಅಡಿಕೆ ದುಡ್ಡು ಕೈಗೆ ಬಂದಾಗ ರೀಚಾರ್ಜ್ ಮಾಡ್ಸೋದು, ಮಳೆಗಾಲದಲ್ಲಿ ಕೈ ಖಾಲಿ ಆದಾಗ ಬಿಡೋದು, ಹೀಗೆ ನಡೆಸೋ ಮನೆ ಎಷ್ಟೋ ಇವೆ. ಕೂಲಿ ಮಾಡೋರ ಮನೇಲಂತೂ ಆ ಮಾತೇ ಇಲ್ಲ. ಹಾಗಾಗಿ ಒಂದೂವರೆ ಎರಡು ಸಾವಿರ ಒಂದೇ ಸಲ ಕೊಟ್ಟು ಬಾಕ್ಸು ತಟ್ಟೆ ಎರಡೂ ಹಾಕ್ಸಿಬಿಟ್ರೆ ಆಮೇಲೆ ಒಂದ್ ಪೈಸೆ ಕೊಡೋ ಹಾಗಿಲ್ಲ ಅಂದಾಗ ಜನ ಫ್ರೀ ಡಿಶ್‌ಗೆ ಹೋಗದೆ ಇನ್ನೆಲ್ಲಿಗೆ ಹೋಗ್ತಾರೆ ಹೇಳಿ.

ಇದೇನು ನಿನ್ನೆ ಮೊನ್ನೆ ಶುರುವಾದ ವ್ಯವಸ್ಥೆ ಅಲ್ಲ. 2004ರ ಡಿಸೆಂಬರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ 33 ಚಾನೆಲ್ ಇಟ್ಕೊಂಡು ಶುರುವಾಯ್ತು, ಆಮೇಲೆ ಹೆಸರು ಫ್ರೀ ಡಿಶ್ ಆಯ್ತು. ಈಗ ದೇಶದಲ್ಲಿ 4 ಕೋಟಿಗಿಂತ ಜಾಸ್ತಿ ಮನೇಲಿ ಇದೆ ಅಂತ ಅಂದಾಜು. ಖಾಸಗಿ ಡಿಶ್ ಕಂಪನಿಗಳಿಗೆಲ್ಲ ಕಣ್ಣು ಕುಕ್ಕೋ ಅಷ್ಟು ದೊಡ್ಡದು. ಸರ್ಕಾರವೂ ಇದನ್ನ ಬೆಳೆಸ್ತಾನೇ ಇದೆ, 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನದ ಮೂಲಸೌಕರ್ಯಕ್ಕೆ ಅಂತ 2,539 ಕೋಟಿಯ ಯೋಜನೆ ಒಪ್ಪಿಕೊಂಡಾಗ ಅದರಲ್ಲಿ ಗುಡ್ಡಗಾಡು, ಬುಡಕಟ್ಟು, ಗಡಿ ಪ್ರದೇಶದ ಜನಕ್ಕೆ 8 ಲಕ್ಷಕ್ಕೂ ಹೆಚ್ಚು ಬಾಕ್ಸ್ ಪುಕ್ಕಟೆ ಹಂಚೋದೂ ಸೇರಿತ್ತು. ಒಳ್ಳೇದೇ. ಆದ್ರೆ ಬಾಕ್ಸ್ ಹಂಚಿದ ಮೇಲೆ ಅದರೊಳಗೆ ಏನು ಬರುತ್ತೆ ಅಂತಾನೂ ನೋಡ್ಬೇಕಲ್ವಾ.

ಏನು ಬರುತ್ತೆ ಹೇಳ್ತೀನಿ ಕೇಳಿ. ರಿಮೋಟ್ ಹಿಡ್ಕೊಂಡು ಮೇಲಿನ ಬಾಣದ ಗುಂಡಿ ಒತ್ತುತ್ತಾ ಹೋಗಿ. ಹಿಂದಿ ಸೀರಿಯಲ್. ಹಿಂದಿ ಸಿನಿಮಾ. ಇನ್ನೊಂದು ಹಿಂದಿ ಸಿನಿಮಾ. ಭೋಜ್‌ಪುರಿ ಹಾಡು. ನೋವಿನ ಎಣ್ಣೆ ಮಾರೋ ಜಾಹೀರಾತು, ಅದು ಅರ್ಧ ಗಂಟೆ ಆದ್ರೂ ಮುಗಿಯಲ್ಲ. ಹಿಂದಿ ನ್ಯೂಸು, ಅದಾದ ಮೇಲೆ ಇನ್ನೊಂದು ಹಿಂದಿ ನ್ಯೂಸು, ಅದಾದ ಮೇಲೆ ಮತ್ತೂ ಒಂದು, ಎಲ್ಲದರಲ್ಲೂ ಅದೇ ನಾಲ್ಕು ಕಿಟಕಿಯಲ್ಲಿ ನಾಲ್ಕು ಜನ ಕೂತು ಕಿರುಚಾಟ. ಭಕ್ತಿ ಚಾನೆಲ್. ಮರಾಠಿ. ಪಂಜಾಬಿ. ಆಮೇಲೆ ಪಾಠದ ಚಾನೆಲ್‌ಗಳ ದೊಡ್ಡ ಸಾಲು. ಇದರ ನಡುವೆ ಎಲ್ಲೋ ಒಂದ್ಕಡೆ ನಮ್ಮ ಚಂದನ. ದಾಟಿ ಹೋಗ್ಬಿಟ್ರೆ ವಾಪಸ್ ಒತ್ಕೊಂಡು ಬರ್ಬೇಕು, ನಂಬರ್ ನೆನಪಿಟ್ಕೊಳ್ಳೋಣ ಅಂದ್ರೆ ಒಂದ್ಸಲ ಚಾನೆಲ್ ಸ್ಕ್ಯಾನ್ ಮಾಡಿದ್ರೆ ಕೆಲವು ಬಾಕ್ಸಲ್ಲಿ ಸಾಲೇ ಬದಲಾಗಿರುತ್ತೆ. ಕನ್ನಡದ ದೊಡ್ಡ ಮನರಂಜನೆ ಚಾನೆಲ್‌ಗಳು, ಅಂದ್ರೆ ರಾಜ್ಯದಲ್ಲಿ ಎಲ್ಲರ ಬಾಯಲ್ಲೂ ಇರೋ ಸೀರಿಯಲ್, ರಿಯಾಲಿಟಿ ಶೋ ಬರೋ ಚಾನೆಲ್‌ಗಳು, ಒಂದೂ ಇಲ್ಲ.

ತಮಾಷೆ ಇನ್ನೊಂದಿದೆ. ಈ ಹಿಂದಿ ಸಿನಿಮಾ ಚಾನೆಲ್‌ಗಳು ದಿನ ತುಂಬಿಸೋದೇ ದಕ್ಷಿಣದ ಸಿನಿಮಾ ಡಬ್ ಮಾಡ್ಕೊಂಡು. ತೆಲುಗು ತಮಿಳು ಜಾಸ್ತಿ, ನಡುನಡುವೆ ಕನ್ನಡದ್ದೂ ಬರುತ್ತೆ. ಅಂದ್ರೆ ನಮ್ಮ ಹೀರೋ, ನಮ್ಮ ಕಡೆಯದ್ದೇ ಘಟ್ಟದ ರಸ್ತೇಲಿ ಶೂಟಿಂಗ್ ಆಗಿರೋ ಫೈಟು, ಬಸ್ಸಿನ ಹಣೆ ಮೇಲೆ ಕನ್ನಡದಲ್ಲಿ ಊರಿನ ಹೆಸರು, ಬಾಯಿ ಬಿಟ್ರೆ ಮಾತ್ರ ಹಿಂದಿ. ಕನ್ನಡದಲ್ಲಿ ತೆಗೆದ ಸಿನಿಮಾನ ಕನ್ನಡದಲ್ಲಿ ನೋಡ್ಬೇಕು ಅಂದ್ರೆ ದುಡ್ಡು ಕೊಡಿ, ಹಿಂದಿಯಲ್ಲಾದ್ರೆ ಬಿಟ್ಟಿ ನೋಡಿ. ಇದಕ್ಕೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ.

ನಮ್ಮಮ್ಮಂಗೆ ಹಿಂದಿ ಬರಲ್ಲ. ಆದ್ರೂ ಸಂಜೆ ದೇವರಿಗೆ ದೀಪ ಹಚ್ಚಿ ಆದ್ಮೇಲೆ ಒಂದು ಹಿಂದಿ ಸೀರಿಯಲ್ ಹಾಕ್ಕೊಂಡು ಕೂರ್ತಾರೆ, ಬೇರೆ ಸೀರಿಯಲ್ ಇಲ್ವಲ್ಲ. ಮಾತು ಒಂದೂ ಅರ್ಥ ಆಗಲ್ಲ, ಸೊಸೆ ಅತ್ಲು, ಅತ್ತೆ ಮುಖ ತಿರುಗಿಸಿದ್ಲು, ಯಾರೋ ಗಡ್ಡದೋನು ಕಾರಿಂದ ಇಳಿದ, ಇಷ್ಟು ನೋಡ್ಕೊಂಡು ತಾವೇ ಒಂದು ಕಥೆ ಕಟ್ಕೋತಾರೆ. ಮಾರನೇ ದಿನ ಪಕ್ಕದ ತೋಟದ ಮನೆ ಅಕ್ಕ ಹಾಲು ತಗೊಂಡು ಹೋಗೋಕೆ ಬಂದಾಗ ಆ ಕಥೆ ಹೇಳ್ತಾರೆ, ಆಕೆ "ಅಲ್ಲ ದೊಡ್ಡಮ್ಮಾ, ಅವಳು ತಂಗಿ ಅಲ್ಲ, ಸವತಿ" ಅಂತ ತಿದ್ದುತ್ತಾಳೆ. ಆಕೆಗೂ ಹಿಂದಿ ಬರಲ್ಲ. ಇಬ್ರೂ ಸೇರಿ ಆ ಸೀರಿಯಲ್ಲಿಗೆ ಅದರ ರೈಟರ್‌ಗಿಂತ ಚೆನ್ನಾಗಿ ಕಥೆ ಮಾಡಿರ್ತಾರೆ ಅನ್ನೋದು ಬೇರೆ ಮಾತು. ಬಾಕ್ಸ್ ಕೊಳ್ಳೋವಾಗ ಅಂಗಡಿಯವನು "ಕನ್ನಡ ಎಲ್ಲಾ ಬರುತ್ತೆ ಸಾರ್" ಅಂದಿದ್ದ. ಆಮೇಲೆ ಕೇಳಿದ್ರೆ "ಚಂದನ ಬರುತ್ತಲ್ಲ ಸಾರ್, ಅದು ಕನ್ನಡ ಅಲ್ವಾ" ಅಂದ. ಅವನ ಮಾತೂ ಸುಳ್ಳಲ್ಲ ಬಿಡಿ.

ಹಾಗಾದ್ರೆ ಯಾಕೆ ಹೀಗೆ ಅಂದ್ರೆ, ಹರಾಜು. ಬಹಳ ಜನಕ್ಕೆ ಇದು ಗೊತ್ತಿಲ್ಲ, ಸರ್ಕಾರದೋರು ಕೂತು ಯಾವ ಚಾನೆಲ್ ಕೊಡ್ಬೇಕು ಅಂತ ಪಟ್ಟಿ ಮಾಡ್ತಾರೆ ಅಂದ್ಕೊಂಡಿರ್ತಾರೆ. ಹಾಗಲ್ಲ. ಫ್ರೀ ಡಿಶ್‌ನಲ್ಲಿ ದೂರದರ್ಶನದ ಚಾನೆಲ್‌ಗಳು, ಪಾಠದ ಚಾನೆಲ್‌ಗಳು ಬಿಟ್ರೆ ಉಳಿದ ಜಾಗವನ್ನ, ಅದಕ್ಕೆ ಸ್ಲಾಟ್ ಅಂತಾರೆ, ದೂರದರ್ಶನ ಆಕಾಶವಾಣಿ ಎರಡನ್ನೂ ನಡೆಸೋ ಪ್ರಸಾರ ಭಾರತಿ ಆನ್‌ಲೈನ್‌ನಲ್ಲಿ ಹರಾಜು ಹಾಕುತ್ತೆ. ಚಾನೆಲ್ ಯಾವ ಭಾಷೇದು, ಸೀರಿಯಲ್ಲಾ ಸಿನಿಮಾನಾ ನ್ಯೂಸಾ ಅಂತ ನೋಡಿ ಬಕೆಟ್ ಅಂತ ಗುಂಪು ಮಾಡಿರ್ತಾರೆ, ಒಂದೊಂದು ಬಕೆಟ್‌ಗೆ ಒಂದೊಂದು ಮೂಲ ಬೆಲೆ, ಅದರ ಮೇಲೆ ಕೂಗು. ಗೆದ್ದೋರಿಗೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಜಾಗ. ಹಿಂದಿ ಮನರಂಜನೆ ಚಾನೆಲ್ಲಿನ ಒಂದು ಸ್ಲಾಟ್ 10 ಕೋಟಿ ರೂಪಾಯಿ ದಾಟಿ ಹೋಗುತ್ತೆ. ಉತ್ತರದಲ್ಲಿ ಫ್ರೀ ಡಿಶ್ ನೋಡೋರು ಅಷ್ಟು ಜನ ಇದ್ದಾರೆ, ಸೋಪು, ಬಿಸ್ಕತ್ತು, ಸಿಮೆಂಟಿನ ಜಾಹೀರಾತು ಹಾಗೇ ಹರಿದು ಬರುತ್ತೆ, ಅವರಿಗೆ ಆ ದುಡ್ಡು ಹುಟ್ಟುತ್ತೆ. ಪ್ರಾದೇಶಿಕ ಭಾಷೆ ಚಾನೆಲ್‌ಗೆ ಮೂಲ ಬೆಲೆ ಹಿಂದಿಗಿಂತ ಕಮ್ಮಿ ಇಡ್ತಾರೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮಲ್ಲಿ ಊರೂರಿಗೆ ಕೇಬಲ್ ಗಟ್ಟಿಯಾಗಿದೆ, ದುಡ್ಡು ಕೊಟ್ಟು ನೋಡೋರೇ ಜಾಸ್ತಿ, ಹಾಗಿರೋವಾಗ ದುಡ್ಡು ಬರೋ ಚಾನೆಲನ್ನ ತಗೊಂಡೋಗಿ ಫ್ರೀ ಡಿಶ್‌ನಲ್ಲಿ ಬಿಟ್ಟಿ ಯಾಕೆ ಕೊಡ್ಬೇಕು ಅಂತ ಕನ್ನಡದ ಚಾನೆಲ್‌ನೋರು ಲೆಕ್ಕ ಹಾಕ್ತಾರೆ. ವ್ಯಾಪಾರಸ್ಥರ ಲೆಕ್ಕ, ತಪ್ಪು ಅಂತ ಹೇಗೆ ಹೇಳೋದು. ಕನ್ನಡ ಚಾನೆಲ್ ಇಲ್ಲ ಅಂತ ಕನ್ನಡದೋರು ಫ್ರೀ ಡಿಶ್ ಹಾಕ್ಸಲ್ಲ, ಕನ್ನಡದೋರು ಹಾಕ್ಸಲ್ಲ ಅಂತ ಚಾನೆಲ್‌ನೋರು ಬರಲ್ಲ. ಈ ಗಂಟು ಬಿಚ್ಚೋರು ಯಾರು?

ನಂಗೆ ಇದು ಹೇಗೆ ಕಾಣುತ್ತೆ ಅಂದ್ರೆ, ಸರ್ಕಾರಿ ಬಸ್ಸು ತಂದು ನಿಲ್ಲಿಸಿ ಸೀಟೆಲ್ಲ ಹರಾಜು ಹಾಕಿದ ಹಾಗೆ. ಬಸ್ಸು ಎಲ್ಲರದ್ದು, ಡೀಸೆಲ್ಲು ಎಲ್ಲರ ತೆರಿಗೇದು, ಕೂರೋದು ಮಾತ್ರ ಜಾಸ್ತಿ ಕೂಗಿದೋರು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ, ವಯಸ್ಸಾದೋರಿಗೆ, ಅಂಗವಿಕಲರಿಗೆ ಅಂತ ಸೀಟ್ ಬಿಟ್ಟಿರ್ತಾರೆ ತಾನೆ? ಯಾರೂ ಅದನ್ನ ನಷ್ಟ ಅಂತ ಲೆಕ್ಕ ಹಾಕಲ್ಲ.

ಹರಾಜು ನಂಬ್ಕೊಂಡ್ರೆ ಹಿಂದಿಯೋರಿಗೂ ನೆಟ್ಟಗೆ ಏನೂ ಸಿಗಲ್ಲ ಅನ್ನೋದಕ್ಕೆ ಎರಡು ಸಲ ಉದಾಹರಣೆ ಆಗಿದೆ. 2019ರಲ್ಲಿ ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡೋ ಟ್ರಾಯ್‌ನ ಹೊಸ ದರ ಪದ್ಧತಿ ಬಂತಲ್ಲ, ಬೇಕಾದ ಚಾನೆಲ್ ಆರಿಸ್ಕೊಳ್ಳಿ ಅಂತ ಫೆಬ್ರವರಿಯಲ್ಲಿ ಎಲ್ಲರನ್ನೂ ಗೊಂದಲಕ್ಕೆ ಕೆಡವಿದ್ದು, ಅದೇ ಹೊತ್ತಿಗೆ ನಾಲ್ಕು ದೊಡ್ಡ ಟಿವಿ ನೆಟ್‌ವರ್ಕ್‌ಗಳು ಫ್ರೀ ಡಿಶ್‌ನಲ್ಲಿದ್ದ ತಮ್ಮ ಹಿಂದಿ ಚಾನೆಲ್‌ಗಳನ್ನ ಎತ್ಕೊಂಡು ಹೋದ್ವು. 2020ರಲ್ಲಿ ವಾಪಸ್ ಬಂದ್ವು. 2022ರ ಏಪ್ರಿಲ್‌ಗೆ ಮತ್ತೆ ಹೋದ್ವು. ಅಂದ್ರೆ ಜನ ರೂಢಿ ಮಾಡ್ಕೊಂಡಿದ್ದ ಸೀರಿಯಲ್ ಒಂದು ಬೆಳಗ್ಗೆ ಎದ್ದು ನೋಡಿದ್ರೆ ಇಲ್ಲ, ಯಾಕೆ ಅಂತ ಹೇಳೋರಿಲ್ಲ. ಬಡವರ ಡಿಶ್ ಅವರ ವ್ಯಾಪಾರದ ಚೌಕಾಸಿಗೆ ಒಂದು ದಾಳ, ಅಷ್ಟೇ. ಮರಾಠಿಯೋರ ಕಡೆ ಮಾತ್ರ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅವರದ್ದು ದೂರದರ್ಶನದ ಸಹ್ಯಾದ್ರಿ ಚಾನೆಲ್ ಅಲ್ಲದೆ ಸಿನಿಮಾ, ಸೀರಿಯಲ್ಲು ಅಂತ ಖಾಸಗಿ ಚಾನೆಲ್‌ಗಳೂ ಫ್ರೀ ಡಿಶ್‌ಗೆ ಬಂದಿವೆ. ಅಲ್ಲಿ ಹಳ್ಳಿ ಹಳ್ಳೀಲಿ ಈ ತಟ್ಟೆ ಇದೆ, ಹಾಗಾಗಿ ಚಾನೆಲ್‌ನೋರು ದುಡ್ಡು ಹಾಕೋಕೆ ಮುಂದೆ ಬಂದ್ರು. ಬೆಳಗಾವಿ, ಬೀದರ್ ಕಡೆ ಗಡಿ ಹಳ್ಳಿಯಲ್ಲಿ ಫ್ರೀ ಡಿಶ್ ಇರೋ ಮನೇಲಿ ಮಕ್ಕಳು ಯಾವ ಭಾಷೆ ಟಿವಿ ನೋಡಿ ಬೆಳೀತಾರೆ ಅಂತ ಗಡಿ ಬಗ್ಗೆ ಮಾತಾಡೋರು ಒಂದ್ಸಲ ಯೋಚ್ನೆ ಮಾಡಿದ್ರೆ ಒಳ್ಳೇದು.

ಕಾನೂನು ಏನು ಹೇಳುತ್ತೆ ಅಂತಾನೂ ನೋಡಿ. ಪ್ರಸಾರ ಭಾರತಿ ಕಾಯ್ದೆ 1990ರ ಸೆಕ್ಷನ್ 12ರಲ್ಲಿ ಆ ಸಂಸ್ಥೆಯ ಕೆಲಸ ಏನು ಅಂತ ಬರೆದಿದೆ. ದೇಶದ ಬೇರೆ ಬೇರೆ ಪ್ರದೇಶದ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡ್ಬೇಕು, ಪ್ರಾದೇಶಿಕ ಭಾಷೇಲಿ ಕಾರ್ಯಕ್ರಮ ಪ್ರಸಾರ ಮಾಡ್ಬೇಕು ಅನ್ನೋದು ಆ ಪಟ್ಟೀಲೇ ಇದೆ. ಜಾಸ್ತಿ ದುಡ್ಡು ಕೊಟ್ಟೋರ ಭಾಷೆಗೆ ಜಾಸ್ತಿ ಜಾಗ ಅಂತ ಎಲ್ಲೂ ಇಲ್ಲ.

ಇದು ಆಗದ ಹೋಗದ ಮಾತೂ ಅಲ್ಲ. ಹಳಬರಿಗೆ ನೆನಪಿರ್ಬೋದು, 1975ರ ಆಗಸ್ಟಿಂದ ಒಂದು ವರ್ಷ ಅಮೆರಿಕದವರ ಎಟಿಎಸ್-6 ಅನ್ನೋ ಉಪಗ್ರಹ ಎರವಲು ತಗೊಂಡು ಇಸ್ರೋದವರು ಆರು ರಾಜ್ಯದ 2,400 ಹಳ್ಳಿಗೆ ಟಿವಿ ತೋರಿಸಿದ್ರು, ಸೈಟ್ ಪ್ರಯೋಗ ಅಂತ ಅದರ ಹೆಸರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು. ಪಂಚಾಯ್ತಿ ಕಟ್ಟೆ ಮುಂದೆ, ಶಾಲೆ ಜಗಲಿ ಮೇಲೆ ಒಂದು ಟಿವಿ, ಊರೆಲ್ಲ ಸುತ್ತ ಕೂತು ನೋಡೋದು. ಆ ಉಪಗ್ರಹದಲ್ಲಿ ಚಿತ್ರ ಒಂದೇ ಬರ್ತಿತ್ತು, ಆದ್ರೆ ಅದರ ಜೊತೆ ಎರಡು ಧ್ವನಿ ಕಳಿಸೋಕೆ ಆಗ್ತಿತ್ತು, ಹಾಗಾಗಿ ಒಂದೇ ಚಿತ್ರ ಇಬ್ಬರು ಭಾಷಿಕರಿಗೆ ಅವರವರ ಭಾಷೇಲಿ ಮುಟ್ಟಿಸೋ ದಾರಿ ಇತ್ತು. ರಾಷ್ಟ್ರೀಯ ವಾರ್ತೆ ಹಿಂದೀಲಿ, ಉಳಿದಂತೆ ಬೇಸಾಯ, ಆರೋಗ್ಯ ಎಲ್ಲ ಕನ್ನಡದಲ್ಲಿ. ದೇಶದಲ್ಲಿ ಬಹುಪಾಲು ಜನ ಟಿವಿ ಅನ್ನೋದನ್ನೇ ಕಂಡಿರದ ಕಾಲದಲ್ಲಿ ಆಗಿದ್ದು, ಸ್ವಂತದ ಜಿಸ್ಯಾಟ್-15 ಉಪಗ್ರಹದ ಮೇಲೆ ಕೂತು ನೂರಕ್ಕೂ ಹೆಚ್ಚು ಚಾನೆಲ್ ಬಿಡ್ತಿರೋ ಈಗ ಯಾಕೆ ಆಗಲ್ಲ?

ಈ ಎರಡು ಧ್ವನಿ ವಿಷ್ಯ ಬಂದಿದ್ದಕ್ಕೆ ಕ್ರಿಕೆಟ್ ಬಗ್ಗೆ ಹೇಳಲೇಬೇಕು, ಯಾಕಂದ್ರೆ ನಮ್ಮ ಕಡೆ ಹುಡುಗರು ಮನೇಲಿ ಗಲಾಟೆ ಮಾಡಿ ಫ್ರೀ ಡಿಶ್ ಹಾಕ್ಸೋದೇ ಅದಕ್ಕೆ. 2007ರ ಕಾನೂನಿನ ಪ್ರಕಾರ ದೇಶಕ್ಕೆ ಮುಖ್ಯ ಅನ್ನಿಸೋ ಪಂದ್ಯಗಳ ಸಿಗ್ನಲ್ ಅನ್ನ ಹಕ್ಕು ಕೊಂಡ ಚಾನೆಲ್‌ನೋರು ದೂರದರ್ಶನಕ್ಕೂ ಕೊಡ್ಬೇಕು. ಮುಂಚೆ ಅದು ಕೇಬಲ್‌ನಲ್ಲಿ ಬರೋ ದೂರದರ್ಶನದಲ್ಲೂ ಕಾಣ್ತಿತ್ತು. 2017ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್, ಹಾಗೆ ಕೊಟ್ಟ ಸಿಗ್ನಲ್ ದೂರದರ್ಶನದ ಸ್ವಂತ ಟವರ್, ಸ್ವಂತ ಡಿಶ್‌ನಲ್ಲಿ ಮಾತ್ರ ತೋರಿಸ್ಬೇಕು, ಕೇಬಲ್‌ನೋರಿಗೆ, ಬೇರೆ ಡಿಶ್‌ನೋರಿಗೆ ದಾಟಿಸೋ ಹಾಗಿಲ್ಲ ಅಂತ ಹೇಳ್ತು. ಹಾಗಾಗಿ ಭಾರತದ ಪಂದ್ಯ ಬಿಟ್ಟಿ ನೋಡ್ಬೇಕು ಅಂದ್ರೆ ಫ್ರೀ ಡಿಶ್ಶೇ ಗತಿ. ಸರಿ, ನೋಡ್ತೀವಿ. ಕಾಮೆಂಟ್ರಿ ಸಾಮಾನ್ಯವಾಗಿ ಹಿಂದಿ, ನಡುವೆ ಇಂಗ್ಲಿಷ್. ದುಡ್ಡು ಕೊಡೋ ಚಾನೆಲ್‌ನಲ್ಲಿ ಅದೇ ಪಂದ್ಯಕ್ಕೆ ಕನ್ನಡದ ಕಾಮೆಂಟ್ರಿ ಇರುತ್ತೆ. ಡಿಜಿಟಲ್ ಪ್ರಸಾರದಲ್ಲಿ ಒಂದೇ ಚಾನೆಲ್‌ಗೆ ಎರಡು ಮೂರು ಆಡಿಯೋ ಕೂರಿಸೋದು ಏನೂ ದೊಡ್ಡ ವಿಷ್ಯ ಅಲ್ಲ, ನಿಮ್ಮ ರಿಮೋಟಲ್ಲೇ ನೋಡಿ, ಆಡಿಯೋ ಅಂತ ಒಂದು ಗುಂಡಿ ಇರುತ್ತೆ, ಅದು ಇರೋದೇ ಇದಕ್ಕೆ. ಆಡಿಯೋಗೆ ಬೇಕಾಗೋ ಜಾಗ ವಿಡಿಯೋ ಮುಂದೆ ಏನೇನೂ ಅಲ್ಲ. ಪ್ರಸಾರ ಭಾರತಿ ಕೈಲಿ ಆಕಾಶವಾಣಿ ಇದೆ, ಕನ್ನಡದಲ್ಲಿ ಚೆನ್ನಾಗಿ ಮಾತಾಡೋರು ಇದ್ದಾರೆ, ಬೆಂಗಳೂರಲ್ಲಿ ಸ್ಟುಡಿಯೋ ಇದೆ. ಆ ಗುಂಡಿ ಒತ್ತಿದ್ರೆ ಕನ್ನಡ ಕೇಳೋ ಹಾಗೆ ಮಾಡೋಕೆ ಹೊಸ ಸ್ಲಾಟೂ ಬೇಡ, ಹರಾಜೂ ಬೇಡ.

ಚಂದನದ ಬಗ್ಗೆ ಒಂದು ಮಾತು, ಅದನ್ನ ಬೈಯೋಕೆ ಈ ಪತ್ರ ಅಲ್ಲ. 1991ರ ಆಗಸ್ಟ್ 15ರಿಂದ ನಡೀತಾ ಇರೋ ಚಾನೆಲ್ಲು, ಗೆದ್ದೋರಿಗೆ ಪುಸ್ತಕ ಕೊಡೋ ಕ್ವಿಜ್ ಕಾರ್ಯಕ್ರಮ ಡಾ. ನಾ. ಸೋಮೇಶ್ವರ ಅವರು ಇಪ್ಪತ್ತು ವರ್ಷದ ಮೇಲಿಂದ ನಡೆಸ್ಕೊಂಡು ಬಂದಿದ್ದು ಅದ್ರಲ್ಲೇ. ಕಿರುಚಾಟ ಇಲ್ಲದ ವಾರ್ತೆ ಬೇಕು ಅಂದ್ರೂ ಅದೇ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ 2020ರಲ್ಲಿ ಸಂವೇದ ಪಾಠಗಳನ್ನ ಹೈಸ್ಕೂಲ್ ಮಕ್ಕಳಿಗೆ ಅಂತ ಚಂದನದಲ್ಲೇ ಹಾಕಿದ್ರು, ನೆಟ್‌ವರ್ಕ್ ಇಲ್ಲದ ಎಷ್ಟೋ ಮನೆ ಮಕ್ಕಳಿಗೆ ಅದೇ ಶಾಲೆ ಆಗಿತ್ತು. ಆದ್ರೆ ಒಂದು ಚಾನೆಲ್ ಎಷ್ಟು ಹೊರೆ ಹೊತ್ತೀತು? ವಾರ್ತೆ ಅದೇ, ಕೃಷಿ ಅದೇ, ಯಕ್ಷಗಾನ ಅದೇ, ಸುಗಮ ಸಂಗೀತ ಅದೇ, ಹಳೇ ಸಿನಿಮಾ ಅದೇ, ಮಕ್ಕಳ ಪಾಠವೂ ಅದೇ. ಅಜ್ಜನಿಗೆ ಯಕ್ಷಗಾನ ಬೇಕು, ಮೊಮ್ಮಗಳಿಗೆ ಹಾಡು ಬೇಕು, ಇಬ್ಬರಿಗೂ ಒಂದೇ ಚಾನೆಲ್, ಒಬ್ಬರಿಗೆ ಬೇಕಾದ್ದು ಬರೋವಾಗ ಇನ್ನೊಬ್ಬರು ಎದ್ದು ಹೋಗ್ಬೇಕು. ಹಿಂದಿ ನೋಡೋರಿಗೆ ಸಿನಿಮಾಕ್ಕೇ ಬೇರೆ, ಹಾಡಿಗೇ ಬೇರೆ, ಸುದ್ದಿಗೇ ಹತ್ತಾರು. ಕನ್ನಡದ ನ್ಯೂಸ್ ಚಾನೆಲ್‌ಗಳಲ್ಲಿ ಬಹುಪಾಲು ಕೇಬಲ್‌ನಲ್ಲೂ ಚಾನೆಲ್ ದರ ಇಲ್ಲದೇನೇ ಸಿಗೋವು, ಜನ ನೋಡಲಿ ಅಂತಾನೇ ಅವು ಇರೋದು, ಕನಿಷ್ಠ ಅವುಗಳಿಗಾದ್ರೂ ದಾರಿ ಮಾಡ್ಬೋದಿತ್ತು. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ಯಾ, ನಾಳೆ ಶಾಲೆಗೆ ಡಿಸಿ ರಜೆ ಕೊಟ್ರಾ, ಡ್ಯಾಮಿಂದ ನೀರು ಬಿಟ್ರಾ ಅಂತ ತಿಳ್ಕೊಳ್ಳೋಕೆ ನಮಗೆ ದಿಲ್ಲಿ ಸ್ಟುಡಿಯೋ ಕಿರುಚಾಟದಿಂದ ಏನು ಸಿಗುತ್ತೆ? ಆ ಹೊತ್ತಿಗೆ ನಾನು ಅದೇ ಬಾಕ್ಸಲ್ಲಿ ಬರೋ ಆಕಾಶವಾಣಿ ಕನ್ನಡ ಹಾಕ್ಕೋತೀನಿ. ಟಿವಿ ಪರದೆ ಸುಮ್ನೆ ಕಪ್ಪಗೆ ಇರುತ್ತೆ, ಪ್ರದೇಶ ಸಮಾಚಾರ ಕೇಳುತ್ತೆ. ಅಂದ ಹಾಗೆ ಜೋರು ಮಳೆಗೆ ಸಿಗ್ನಲ್ ಹೋಗೋದಕ್ಕೆ ನಾನು ಯಾರನ್ನೂ ದೂರಲ್ಲ, ಡಿಶ್‌ಗೆ ಬಳಸೋ ಕೆಯು ಬ್ಯಾಂಡ್ ಅನ್ನೋದೇ ಮಳೆಗೆ ಸೋಲೋ ತರಂಗ, ದುಡ್ಡು ಕೊಡೋ ಡಿಶ್‌ದೂ ಅದೇ ಹಣೆಬರಹ.

ಇಷ್ಟು ಓದಿದ ಮೇಲೆ ಯಾರಾದ್ರೂ ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ಲಿಗೆ ಹೋಗಿ ಮೊಳ ಹಾಕಿದ್ರಂತೆ ಅಂತ ಗಾದೆ ಹೇಳೇ ಹೇಳ್ತಾರೆ. ನಮ್ಮ ಭಾವನೇ ಹೇಳ್ದ. ಧರ್ಮಕ್ಕೆ ಎಲ್ಲಿ ಬಂತು? ಬಾಕ್ಸ್ ನಮ್ಮ ದುಡ್ಡಲ್ಲಿ ಕೊಂಡಿದ್ದು, ಅದಕ್ಕೆ ಜಿಎಸ್‌ಟಿ ಕಟ್ಟಿದೀವಿ, ಪ್ರಸಾರ ಭಾರತಿಗೆ ವರ್ಷ ವರ್ಷ ಹೋಗೋ ಅನುದಾನ ತೆರಿಗೆ ದುಡ್ಡೇ, ಕೋಟಿ ಕೋಟಿ ಕೊಟ್ಟು ಸ್ಲಾಟ್ ಕೊಳ್ಳೋ ಚಾನೆಲ್‌ನೋರು ಕೊಳ್ಳೋದು ನಾವು ನೋಡ್ತೀವಿ ಅಂತ ತಾನೆ, ನಾವು ನೋಡದೆ ಇದ್ರೆ ಆ ಜಾಗಕ್ಕೆ ಕಾಸೂ ಹುಟ್ಟಲ್ಲ. ಇನ್ನು ಕೆಲವರು ಮೊಬೈಲಲ್ಲಿ ನೋಡಿ, ಪ್ರಸಾರ ಭಾರತಿದೇ ವೇವ್ಸ್ ಅಂತ ಆಪ್ 2024ರ ನವೆಂಬರಲ್ಲಿ ಬಂದಿದೆಯಲ್ಲ ಅಂತಾರೆ. ಬಂದಿದೆ, ಒಳ್ಳೇದು. ನಮ್ಮನೇಲಿ ನೆಟ್‌ವರ್ಕ್ ಬೇಕು ಅಂದ್ರೆ ಅಂಗಳ ದಾಟಿ ಗೇಟ್ ಹತ್ರ ಹೋಗಿ ನಿಲ್ಬೇಕು. ಅಲ್ಲಿ ನಿಂತು ಸೀರಿಯಲ್ ನೋಡೋ ವಯಸ್ಸು ನಮ್ಮಮ್ಮನದ್ದಲ್ಲ.

ಬಾಕ್ಸಿನ ಗೊಂದಲ ಬೇರೆ ಇದೆ. ಫ್ರೀ ಡಿಶ್‌ನಲ್ಲಿ ಒಂದಷ್ಟು ಚಾನೆಲ್ ಎಂಪೆಗ್-2 ಅನ್ನೋ ಹಳೇ ಪದ್ಧತೀಲಿ ಬರುತ್ತೆ, ಅದು ಎಲ್ಲಾ ಬಾಕ್ಸಿಗೂ ಸಿಗುತ್ತೆ, ಅದಕ್ಕೇ ಆ ಸ್ಲಾಟ್‌ಗೆ ರೇಟ್ ಜಾಸ್ತಿ. ಉಳಿದದ್ದು ಎಂಪೆಗ್-4, ಅದಕ್ಕೆ ಹೊಸ ಬಾಕ್ಸ್ ಬೇಕು. ಹಳೇ ಬಾಕ್ಸ್ ಇರೋರ ಮನೇಲಿ ಆ ಚಾನೆಲ್ ಬರೋದೇ ಇಲ್ಲ. ನಾಳೆ ಕನ್ನಡಕ್ಕೆ ಜಾಗ ಕೊಟ್ವಿ ಅಂತ ಎಂಪೆಗ್-4ರ ಮೂಲೇಲಿ ಎಲ್ಲೋ ತುರುಕಿದ್ರೆ ಅರ್ಧ ಜನಕ್ಕೆ ಅದು ಇದ್ದೂ ಇಲ್ಲದ ಹಾಗೆ. ಕೊಡೋದಾದ್ರೆ ಎಲ್ಲಾ ಬಾಕ್ಸಲ್ಲೂ ಬರೋ ಕಡೆ ಕೊಡಿ.

ನಾನು ಕೇಳೋದು ಆಕಾಶದಲ್ಲಿರೋ ಚಂದ್ರನನ್ನಲ್ಲ. ಹರಾಜು ಇರಲಿ, ದುಡ್ಡು ಬರಲಿ, ಆದ್ರೆ ಹರಾಜಿಗೆ ಇಡೋ ಮುಂಚೆ ಕನ್ನಡಕ್ಕೆ ಎರಡೋ ಮೂರೋ ಸ್ಲಾಟ್ ತೆಗೆದಿಟ್ಟು ಒಂದು ಸಿನಿಮಾಕ್ಕೆ, ಒಂದು ಸೀರಿಯಲ್‌ಗೆ, ಒಂದು ಸುದ್ದಿಗೆ ಅಂತ ನಾಮಕಾವಾಸ್ತೆ ದರಕ್ಕೆ ಕೊಡಿ, ತಮಿಳು ತೆಲುಗು ಮಲಯಾಳ ಒಡಿಯಾದೋರಿಗೂ ಹಾಗೇ ಕೊಡಿ, ಅವರ ಪಾಡೂ ನಮ್ಮದಕ್ಕಿಂತ ಬಹಳ ಬೇರೆ ಇಲ್ಲ. ಯಾರೂ ಮುಂದೆ ಬರಲಿಲ್ಲ ಅಂದ್ರೆ ಆ ಜಾಗದಲ್ಲಿ ಚಂದನದ್ದೇ ಇನ್ನೊಂದು ಚಾನೆಲ್ ಮಾಡಿ, ದಶಕಗಳ ಕಾರ್ಯಕ್ರಮದ ಟೇಪ್ ಭಂಡಾರ ಇದೆ, ಹಳೇ ನಾಟಕ, ಸಂದರ್ಶನ, ಧಾರಾವಾಹಿ ಹಾಕಿದ್ರೂ ಜನ ನೋಡ್ತಾರೆ. ರಾಜ್ಯ ಸರ್ಕಾರ ನವೆಂಬರ್ ತಿಂಗಳ ಉತ್ಸವಕ್ಕೆ ಮಾಡೋ ಖರ್ಚಲ್ಲಿ ಒಂದು ಪಾಲು ತೆಗೆದು ಕನ್ನಡ ಚಾನೆಲ್‌ನೋರ ಸ್ಲಾಟ್ ದುಡ್ಡಿಗೆ ಕೈ ಜೋಡಿಸಿದ್ರೂ ನನ್ನ ಆಕ್ಷೇಪ ಇಲ್ಲ. ಕ್ರಿಕೆಟ್‌ಗೆ ಕನ್ನಡ ಆಡಿಯೋ ಕೊಡೋಕಂತೂ ಯಾರಪ್ಪಣೆಗೂ ಕಾಯ್ಬೇಕಿಲ್ಲ.

ಹರಾಜು ಏಪ್ರಿಲ್ ಒಳಗೆ ಮುಗಿಯುತ್ತೆ, ಮುಗಿದ ಮೇಲೆ ಒಂದು ವರ್ಷ ಹೆಚ್ಚೇನೂ ಅಲ್ಲಾಡಲ್ಲ. ಅದಕ್ಕೆ ಮುಂಚೆ, ಚಳಿಗಾಲದ ಅಧಿವೇಶನದಲ್ಲೇ ಲೋಕಸಭೆಯ ನಮ್ಮ 28 ಎಂಪಿಗಳಲ್ಲಿ ಒಬ್ಬರಾದ್ರೂ ಎದ್ದು ನಿಂತು ಫ್ರೀ ಡಿಶ್‌ನಲ್ಲಿ ಕನ್ನಡಕ್ಕೆ ಎಷ್ಟು ಸ್ಲಾಟ್ ಇಟ್ಟಿದೀರಿ ಅಂತ ವಾರ್ತಾ ಸಚಿವರನ್ನ ಕೇಳ್ಬೇಕು. ಅವರಾಗೇ ಕೇಳ್ತಾರೆ ಅನ್ನೋ ನಂಬಿಕೆ ನನಗಿಲ್ಲ. ನಿಮ್ಮ ವರದಿಗಾರರು ಜಿಲ್ಲೆ ಜಿಲ್ಲೆಗೂ ಇದ್ದಾರಲ್ಲ, ಎಂಪಿ ಸಾಹೇಬ್ರು ಮುಂದಿನ ಸಲ ಯಾವುದಾದ್ರೂ ಗುದ್ದಲಿ ಪೂಜೆಗೆ ಬಂದಾಗ ಈ ಒಂದು ಪ್ರಶ್ನೆ ಕೇಳಿ, ಉತ್ತರ ಏನು ಬಂತು ಅಂತ ಇದೇ ಪುಟದಲ್ಲಿ ಹಾಕಿ.

ಇಂತಿ ನಿಮ್ಮ ಓದುಗ,
ಸಾಗರ ತಾಲೂಕಿನ ಒಂದು ಹಳ್ಳಿಯಿಂದ